ಮಣ್ಣು ಒಪ್ಪದ ಮಂತ್ರಿ

ಕ್ರಿಯೊನೇರಿ,
14 ಅಕ್ಟೋಬರ್ 1974

ಸ್ಟೆರ್ಗಿಯೋ,

ಡೂಸಿಸ್ ಮನೆಯಿಂದ ನಿನಗೆ ಪತ್ರ ಬರುತ್ತದೆಂದು ನೀನು ಎಣಿಸಿರಲಾರೆ. ನಾನು ಪೊಲಿಕ್ಸೆನಿ, ಲಾಂಬ್ರೋಸ್‌ನ ತಂಗಿ. ವಿಳಾಸ ಕೊಟ್ಟವಳು ಪೊಟಾಮಿಯಾದಲ್ಲಿರುವ ನಿನ್ನ ದೊಡ್ಡಪ್ಪನ ಮಗಳು. ಹೊಸ ವರ್ಷಕ್ಕೆ ನೀನು ತಾಷ್ಕೆಂಟಿನಿಂದ ಕಳಿಸುವ ಕಾರ್ಡುಗಳನ್ನೆಲ್ಲ ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಅಣ್ಣ ತೀರಿಕೊಂಡದ್ದು ನಿನಗೆ ತಿಳಿದಿರಬಹುದು. 1971ರ ಮಾರ್ಚ್, ಸ್ವಿಟ್ಜರ್ಲೆಂಡಿನ ಆಸ್ಪತ್ರೆಯಲ್ಲಿ. ಆಗ ಇಲ್ಲಿ ಸೈನ್ಯದವರ ಸರ್ಕಾರ. ಶವ ತರಲು ಒಪ್ಪಿದರು, ಆದರೆ ಪೆಟ್ಟಿಗೆ ತೆರೆಯಬಾರದು, ಒಂದು ಗಂಟೆಯೊಳಗೆ ಮಣ್ಣು ಮಾಡಬೇಕು ಎಂದರು. ಹೊರಗೆ ಮರ, ಒಳಗೆ ಬೆಸುಗೆ ಹಾಕಿದ ಸತುವಿನ ತಗಡು. ಹಾಗೆಯೇ ಇಳಿಸಿದೆವು. ಅವನ ಮುಖವನ್ನು ನಾನು ನೋಡಲಿಲ್ಲ.

ನಮ್ಮೂರ ಪದ್ಧತಿ ನೀನು ಮರೆತಿರಲಾರೆ. ಮೂರು ವರ್ಷಕ್ಕೆ ಸಮಾಧಿ ತೆರೆದು, ಎಲುಬು ತೆಗೆದು, ದ್ರಾಕ್ಷಾರಸದಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಎಲುಬುಮನೆಗೆ ಸೇರಿಸಬೇಕು. ಸೈನ್ಯದವರು ಹೋಗಲಿ ಎಂದು ಕಾದೆವು. ಜುಲೈಯಲ್ಲಿ ಹೋದರು. ಈ ತಿಂಗಳ ಐದನೇ ತಾರೀಖು, ಶನಿವಾರ, ತೆರೆದೆವು. ನೂರಿಪ್ಪತ್ತು ಜನ ಬಂದಿದ್ದರು. ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ಎರಡು ಕೊಪ್ಪರಿಗೆ ಮಾಡಿಸಿದ್ದೆ.

ಗುಂಡಿ ತೋಡುವ ಕೋಲಿಯೋಸ್ ತಗಡನ್ನು ಕತ್ತರಿಯಿಂದ ಸೀಳಿದ. ಎಲುಬು ತೊಳೆಯಲು ದ್ರಾಕ್ಷಾರಸದ ಹೂಜಿ ಹಿಡಿದು ಕೂತಿದ್ದ ಹೈದೋ ಚಿಕ್ಕಮ್ಮ ಒಳಗೆ ಬಗ್ಗಿ ನೋಡಿದಳು. ನೋಡಿದವಳೇ ಹೂಜಿ ಕೆಳಗಿಟ್ಟಳು.

"ಟೀಚರಮ್ಮ, ನೀವು ಆ ಕಡೆ ತಿರುಗಿ."

"ಏನಾಯ್ತು?"

"ಇವನಿಗಿನ್ನೂ ನಿದ್ದೆ ಬಂದಿಲ್ಲ."

ನಾನು ತಿರುಗಲಿಲ್ಲ, ನೋಡಿದೆ. ಅಣ್ಣ ಹಾಗೆಯೇ ಇದ್ದ. ಮೈ ಕಪ್ಪಾಗಿತ್ತು, ಬಿಗಿದುಕೊಂಡಿತ್ತು, ಆದರೆ ಇಡಿಯಾಗಿತ್ತು. ಮೀಸೆ ಇತ್ತು. ಕೋಟಿನ ಗುಂಡಿಗಳು ಹಾಕಿದಂತೆಯೇ ಇದ್ದವು. ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಗೋಧಿ ಯಾರೂ ತಿನ್ನಲಿಲ್ಲ.

ಪಾದ್ರಿ ವಿಸಾರಿಯೋನ್ ಬಿಡುಗಡೆಯ ಪ್ರಾರ್ಥನೆ ಓದಿ ನನ್ನನ್ನು ಪಕ್ಕಕ್ಕೆ ಕರೆದರು. "ಯಾರದೋ ಶಾಪ ಕಟ್ಟಿದೆ. ಮಣ್ಣು ಒಪ್ತಾ ಇಲ್ಲ. ಮನೆ ಮನೆಗೆ ಹೋಗು. ಅವನ ಮೇಲೆ ಸಿಟ್ಟಿರೋರೆಲ್ಲ ಒಂದು ಬಟ್ಟಲು ನೀರಿಗೆ ಒಂದು ಹಿಡಿ ಉಪ್ಪು ಹಾಕಿ, ಈ ಉಪ್ಪು ಕರಗಿದ ಹಾಗೆ ನನ್ನ ಮಾತೂ ಕರಗಲಿ ಅನ್ಲಿ. ಆ ನೀರನ್ನ ಹೊಸ್ತಿಲ ಹೊರಗೆ ಚೆಲ್ಲಲಿ."

ಹೋದೆ. ಅರವತ್ತೊಂದು ಮನೆ. ವರ್ಷಗಟ್ಟಲೆ ಇವರಿಗೆ ಕೆಲಸ, ಲೈಸೆನ್ಸು, ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದವನ ಮೇಲೆ ಎಲ್ಲರಿಗೂ ಏನಾದರೊಂದು ಸಿಟ್ಟಿತ್ತು. ಒಬ್ಬಳು ಹೇಳಿದಳು: "ನನ್ನ ಮಗನಿಗೆ ಅಂಚೆ ಕಚೇರಿ ಅಂದ. ಕೊನೆಗೆ ಯಾವುದೋ ದ್ವೀಪದ ದೀಪಸ್ತಂಭಕ್ಕೆ ಹಾಕಿಸ್ದ. ಮನುಷ್ಯರ ಮುಖ ನೋಡ್ದೆ ಮದುವೇನೂ ಆಗ್ಲಿಲ್ಲ ಅವನು. ಹೋಗ್ಲಿ ಬಿಡಿ, ಕೊಡಿ ಉಪ್ಪು." ಎಲ್ಲರೂ ಕರಗಿಸಿದರು.

ಉಳಿದವನು ನೀನೊಬ್ಬ. ನಿನ್ನ ತಮ್ಮನಿಗೆ ಗುಂಡಿಕ್ಕಿದ ಚಳಿಗಾಲ ನೀನು ಹೊಳೆಯಾಚೆಯ ಬಂಡೆ ಮೇಲೆ ನಿಂತು ಅವನ ಹೆಸರು ಹಿಡಿದು ಕೂಗಿ ಶಪಿಸಿದ್ದು ಊರಿಗೆಲ್ಲ ಕೇಳಿಸಿತ್ತು. ಒಂದು ಬಟ್ಟಲು ನೀರು, ಒಂದು ಹಿಡಿ ಉಪ್ಪು. ಇಷ್ಟೇ ನಾನು ಬೇಡುವುದು.

ಪೊಲಿಕ್ಸೆನಿ


ತಾಷ್ಕೆಂಟ್,
29 ನವೆಂಬರ್ 1974

ಟೀಚರ್ ಪೊಲಿಕ್ಸೆನಿ ಅವರಿಗೆ,

ನಿಮ್ಮ ಪತ್ರ ನಾಲ್ಕು ವಾರಕ್ಕೆ ತಲುಪಿತು. ಲಕೋಟೆಯನ್ನು ಎರಡು ಕಡೆ ತೆರೆದು ಅಂಟಿಸಿದ್ದಾರೆ. ನಿಮ್ಮ ಅಣ್ಣನ ಸ್ಥಿತಿ ಎರಡು ಸರ್ಕಾರಗಳಿಗೂ ಈಗ ಗೊತ್ತು.

ನಾನು ಇಪ್ಪತ್ತೈದು ವರ್ಷದಿಂದ ಹತ್ತಿ ಯಂತ್ರಗಳ ಕಾರ್ಖಾನೆಯಲ್ಲಿದ್ದೇನೆ. ತಗಡು ಕತ್ತರಿಸುವುದು, ಬೆಸುಗೆ ಹಾಕುವುದು ನನ್ನ ಕೆಲಸ. ಆದ್ದರಿಂದ ತಿಳಿದೇ ಹೇಳುತ್ತೇನೆ. ಬೆಸುಗೆ ಹಾಕಿದ ಸತುವಿನ ಪೆಟ್ಟಿಗೆಯೊಳಕ್ಕೆ ಗಾಳಿ ಹೋಗುವುದಿಲ್ಲ, ನೀರು ಹೋಗುವುದಿಲ್ಲ, ಹುಳವೂ ಹೋಗುವುದಿಲ್ಲ. ಅದರಲ್ಲಿ ಹಂದಿಯ ಮಾಂಸ ಇಟ್ಟಿದ್ದರೂ ಮೂರು ವರ್ಷಕ್ಕೆ ಇಡಿಯಾಗಿಯೇ ಇರುತ್ತಿತ್ತು. ಹಳ್ಳಿಯ ಬಡವನನ್ನು ನಾಲ್ಕು ಪೈನ್ ಹಲಗೆಯಲ್ಲಿಟ್ಟು ಮಣ್ಣು ಮಾಡುತ್ತಾರೆ, ಅವನು ಕರಗುತ್ತಾನೆ. ಮಂತ್ರಿಗೆ ಗೌರವ ಹೆಚ್ಚಾಯಿತು. ಶಾಪವೂ ಇಲ್ಲ, ಗೀಪವೂ ಇಲ್ಲ.

ಇನ್ನು ಉಪ್ಪಿನ ವಿಷಯ. ಅಂತರ್ಯುದ್ಧ ಸೋತು ಇಲ್ಲಿಗೆ ಬಂದ ನಮ್ಮವರ ಸಂಘದಲ್ಲಿ ಅಥೆನ್ಸಿನ ಪತ್ರಿಕೆಗಳು ತಿಂಗಳು ಕಳೆದು ಬರುತ್ತವೆ. ನಿಮ್ಮ ಅಣ್ಣನ ಬಗ್ಗೆ ಬಂದದ್ದೆಲ್ಲ ಓದಿದ್ದೇನೆ. 1950ರಲ್ಲಿ ಶಾಸಕ. 1953ರಲ್ಲಿ ಕಣಿವೆಯಿಂದ ಪಟ್ಟಣಕ್ಕೆ ರಸ್ತೆ. 1956ರಲ್ಲಿ ಉಪಮಂತ್ರಿ, 1961ರಲ್ಲಿ ಮಂತ್ರಿ. ರಾಷ್ಟ್ರೀಯ ಹಬ್ಬದ ದಿನ ರಾಜನ ಎಡಗಡೆ ಮೂರನೆಯವನಾಗಿ ನಿಂತ ಫೋಟೋ ಕೂಡ ನೋಡಿದೆ. ನನ್ನ ತಮ್ಮ ಆರ್ಗಿರಿಸ್‌ನ ಹೆಸರು ಆ ಪತ್ರಿಕೆಗಳಲ್ಲಿ ಒಮ್ಮೆ ಬಂದಿತ್ತು. 1948ರ ಫೆಬ್ರವರಿ 24, ಮಂಗಳವಾರ ಗುಂಡಿಕ್ಕಿದ ನಾಲ್ವರ ಪಟ್ಟಿಯಲ್ಲಿ ಮೂರನೆಯ ಹೆಸರು.

ಬಂಡೆದ್ದು ಬೆಟ್ಟ ಸೇರಿದ್ದ ನಮಗೆ ಅವನು ಎರಡು ಸಲ ರೊಟ್ಟಿ ತಂದುಕೊಟ್ಟಿದ್ದ. ವಯಸ್ಸು ಹತ್ತೊಂಬತ್ತು. ಪಶ್ಚಾತ್ತಾಪದ ಹೇಳಿಕೆಗೆ ಸಹಿ ಹಾಕಿದ್ದರೆ ಬಿಡುತ್ತಿದ್ದರು. ಎಷ್ಟೋ ಜನ ಹಾಕಿದರು. ಅವರ ಹೇಳಿಕೆಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿ ಚರ್ಚಿನಲ್ಲಿ ಓದಿಸಿದರು. ಆರ್ಗಿರಿಸ್ ಸಹಿ ಹಾಕಲಿಲ್ಲ. ಪ್ರತಿ ವರ್ಷ ಆ ದಿನ ನಾವು ಸಂಘದಲ್ಲಿ ಸೇರುತ್ತೇವೆ. ಗೋಡೆಯ ಮೇಲೆ ಅವನ ಫೋಟೋ ಇದೆ. ನಾನು ಎದ್ದು ನಿಂತು ಒಂದೇ ವಾಕ್ಯ ಹೇಳುತ್ತೇನೆ: ಅವನು ಸಹಿ ಹಾಕಲಿಲ್ಲ.

ಕಣಿವೆಗೆ ಇದ್ದದ್ದು ಒಬ್ಬನೇ ವಕೀಲ, ನಿಮ್ಮ ಅಣ್ಣ. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ಬಾಯಿ ಬಿಡಲಿಲ್ಲ. ಎರಡು ವರ್ಷಕ್ಕೆ ಶಾಸಕನಾದ.

ಅವನನ್ನು ಮಣ್ಣು ಒಪ್ಪದಿದ್ದರೆ ಅದು ಮಣ್ಣಿಗೂ ಅವನಿಗೂ ಸೇರಿದ ವಿಷಯ.

ಸ್ಟೆರ್ಗಿಯೋಸ್ ನಾಕಾಸ್


ಕ್ರಿಯೊನೇರಿ,
20 ಜನವರಿ 1975

ಸ್ಟೆರ್ಗಿಯೋ,

ಸತುವಿನ ವಿಷಯ ನೀನು ಹೇಳಿದ್ದನ್ನೇ ಕೋಲಿಯೋಸನೂ ಹೇಳಿದ್ದ. ತಗಡು ತೆಗೆದು, ಪೈನ್ ಹಲಗೆಯಲ್ಲಿಟ್ಟು ಮತ್ತೆ ಮಣ್ಣು ಮಾಡಿದ್ದೇವೆ. ಎರಡು ವರ್ಷ ಬಿಟ್ಟು ತೆರೆಯಲು ಪಾದ್ರಿ ಹೇಳಿದ್ದಾರೆ. ಆದರೆ ಊರಿಗೆ ಸತುವಿನ ಲೆಕ್ಕ ಹೇಳಿದರೆ ಯಾರು ಕೇಳುತ್ತಾರೆ?

ಪಿರೋಸ್ ಎಂಬವನು ಅಣ್ಣನ ಧರ್ಮಪುತ್ರರಲ್ಲಿ ಒಬ್ಬ. ಅಣ್ಣ ಕಣಿವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಮಕ್ಕಳ ದೀಕ್ಷಾಸ್ನಾನಕ್ಕೆ ಧರ್ಮಪಿತನಾಗಿ ನಿಂತಿದ್ದ. ಎಲ್ಲ ಗಂಡುಮಕ್ಕಳೇ. ಒಬ್ಬನೇ ಧರ್ಮಪಿತನ ಗಂಡೂ ಹೆಣ್ಣೂ ಅಣ್ಣತಂಗಿಯರಾಗಿಬಿಡುತ್ತಾರೆ, ನಾಳೆ ಮದುವೆಗೆ ತೊಡಕು, ಮದುವೆಯ ತೊಡಕು ಅಂದರೆ ಎರಡು ಮನೆಯ ಓಟು ಹೋಯಿತು ಎನ್ನುತ್ತಿದ್ದ. ಪಿರೋಸ್ ನವೆಂಬರ್ ಚುನಾವಣೆಗೆ ಅಣ್ಣನ ಜಾಗದಲ್ಲಿ ನಿಂತಿದ್ದ. ಸಮಾಧಿ ತೆರೆದ ಮರುದಿನವೇ ಬಂದ.

"ಅತ್ತೆ, ಕೊಳೆಯದ ದೇಹ ಅಂದ್ರೆ ಎರಡೇ ಅರ್ಥ. ಒಂದು ಶಾಪ. ಇನ್ನೊಂದು?"

"ಇನ್ನೊಂದು ಏನಪ್ಪ?"

"ಸಂತ! ಪತ್ರಿಕೆಗೆ ಕೊಟ್ಟುಬಿಡೋಣ. ಸುವಾಸನೆ ಬರ್ತಿತ್ತು ಅಂತ ಹೈದೋ ಚಿಕ್ಕಮ್ಮನ ಹತ್ರ ಒಂದು ಮಾತು ಹೇಳ್ಸಿ."

ಹೈದೋ ಚಿಕ್ಕಮ್ಮ ಕೇಳಿಸಿಕೊಂಡಳು. "ಹೇಳ್ತೀನಿ ಮಗನೇ. ಮೊದಲು ನೀನು ಹೋಗಿ ಮೂಸಿ ಬಾ" ಎಂದಳು. ಅವನು ಹೋಗಲಿಲ್ಲ. ಆದರೂ ಗೆದ್ದ.

ಈಗ ಹೆಂಗಸರು ನಮ್ಮ ಮನೆ ಮುಂದೆ ಹಾಯುವಾಗ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ಧರ್ಮಪುತ್ರರ ಮನೆಗಳಲ್ಲಿ ಅಣ್ಣನ ಫೋಟೋ ಕಾಣುತ್ತಿಲ್ಲ. ಅವನ ಕೋಣೆಯ ಬಾಗಿಲನ್ನು ನಾನು ದಿನಾ ಮುಚ್ಚುತ್ತೇನೆ, ಬೆಳಿಗ್ಗೆ ತೆರೆದಿರುತ್ತದೆ. ಬಡಗಿ ಬಂದು ಮರ ಹಿಗ್ಗಿದೆ, ಚಿಲಕ ಹಿಡಿಯುತ್ತಿಲ್ಲ ಎಂದ. ಚಿಲಕ ಬದಲಾಯಿಸಿದೆ. ಬಾಗಿಲು ತೆರೆದೇ ಇರುತ್ತದೆ. ನಾನು ನಲವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ಹೆದರಿಕೆ ಎನ್ನುತ್ತಿಲ್ಲ. ಆಗುತ್ತಿರುವುದನ್ನು ಬರೆಯುತ್ತಿದ್ದೇನೆ.

ನೀನು ಪತ್ರಿಕೆಯಲ್ಲಿ ಓದಿದ ಅಣ್ಣನನ್ನು ಬಲ್ಲೆ. ನಾನು ಕಂಡವನನ್ನೂ ಹೇಳುತ್ತೇನೆ. ಆ ರಸ್ತೆ ಶಾಸಕನಾಗಿ ಅವನು ಕೇಳಿದ ಮೊದಲ ಕೆಲಸ. ಶಾಲೆ ಬೇಡ, ಕರೆಂಟ್ ಬೇಡ, ಮೊದಲು ರಸ್ತೆ ಎಂದ. ಜನ ಓಟಿಗೆ ಅಂದರು. ಮಂತ್ರಿಯಾದ ಮೇಲೂ ಪ್ರತಿ ಫೆಬ್ರವರಿಯಲ್ಲಿ ಒಂದು ದಿನ ಡ್ರೈವರನ್ನು ಅಥೆನ್ಸಿನಲ್ಲೇ ಬಿಟ್ಟು, ಬಸ್ಸಿನಲ್ಲಿ ಬಂದು, ಇಲ್ಲಿಂದ ಕಣಿವೆಯ ನೆತ್ತಿಯವರೆಗೆ ನಡೆದು ವಾಪಸಾಗುತ್ತಿದ್ದ. ಊಟ ಮಾಡುತ್ತಿರಲಿಲ್ಲ. ಹರಕೆ ಎಂದುಕೊಂಡಿದ್ದೆವು.

ಆರ್ಗಿರಿಸ್‌ನ ಪರವಾಗಿ ಅವನು ಮಾತಾಡಲಿಲ್ಲ. ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದೊಂದನ್ನು ಕ್ಷಮಿಸು. ಬೇರೇನೂ ಕೇಳುವುದಿಲ್ಲ.

ಪೊಲಿಕ್ಸೆನಿ


ತಾಷ್ಕೆಂಟ್,
2 ಏಪ್ರಿಲ್ 1975

ಟೀಚರ್ ಪೊಲಿಕ್ಸೆನಿ ಅವರಿಗೆ,

ನಿಮ್ಮ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ನಮ್ಮೂರವಳಲ್ಲ, ಇಲ್ಲಿಯವಳು. "ಉಪ್ಪು ಎಷ್ಟಾಗುತ್ತೆ? ಹಾಕಿಬಿಡು, ಪಾಪ ಆ ಹೆಂಗಸು ಮಲಗ್ಲಿ" ಎಂದಳು.

ಹಾಕಿದೆ. ಕರಗಿತು. ಹೊರಗೆ ಚೆಲ್ಲಿದೆ. ನೀವು ಕೇಳಿದ್ದು ಆಯಿತು.

ಬದಲಿಗೆ ಒಂದು ಪ್ರಶ್ನೆ. ಆ ನಾಲ್ವರನ್ನು ಎಲ್ಲಿ ಹೂತರೆಂದು ನಮಗೆ ಯಾರೂ ತಿಳಿಸಲಿಲ್ಲ. ಪೊಟಾಮಿಯಾದ ಠಾಣೆಯಲ್ಲಿ ಕೇಳಿದವರಿಗೆ ಹೊಡೆದು ಕಳಿಸಿದರಂತೆ. ಅಮ್ಮ ನನ್ನ ಜೊತೆಗೇ ಗಡಿ ದಾಟಿ ಬಂದಳು, ಇಲ್ಲೇ ತೀರಿಕೊಂಡಳು. ಹೋಗುವವರೆಗೂ ಅದನ್ನೇ ಕೇಳುತ್ತಿದ್ದಳು. ನಿಮ್ಮ ಅಣ್ಣ ಮಂತ್ರಿಯಾಗಿದ್ದವನು, ಅವನ ಕಾಗದಪತ್ರಗಳಲ್ಲಿ ಎಲ್ಲಾದರೂ ಇರಬಹುದು. ನೋಡಿ ತಿಳಿಸಿ. ಅದಷ್ಟನ್ನು ಬಿಟ್ಟು ಬೇರೇನೂ ಬರೆಯಬೇಡಿ.

ಸ್ಟೆರ್ಗಿಯೋಸ್ ನಾಕಾಸ್


ಕ್ರಿಯೊನೇರಿ,
9 ಜೂನ್ 1975

ಸ್ಟೆರ್ಗಿಯೋ,

ದೇವರು ನಿನಗೂ ನಿನ್ನ ಹೆಂಡತಿಗೂ ಒಳ್ಳೆಯದು ಮಾಡಲಿ. ಪತ್ರವನ್ನು ಪಾದ್ರಿಗೆ ತೋರಿಸಿದೆ. ಓದಿ, "ಸರಿ, ಈಗ ಕಾಯೋಣ" ಎಂದರು.

ನಿನ್ನ ಪ್ರಶ್ನೆಯ ಬಗ್ಗೆ ವಿಚಾರಿಸುತ್ತೇನೆ. ಸ್ವಲ್ಪ ಸಮಯ ಬೇಕು.

ಪೊಲಿಕ್ಸೆನಿ


ಕ್ರಿಯೊನೇರಿ,
18 ಅಕ್ಟೋಬರ್ 1976

ಸ್ಟೆರ್ಗಿಯೋ,

ಹದಿನಾರು ತಿಂಗಳು ನಾನು ಬರೆಯಲಿಲ್ಲ. ನೀನೂ ಕೇಳಲಿಲ್ಲ. ನಿನ್ನ ಮೌನವನ್ನು ಕ್ಷಮೆ ಎಂದುಕೊಂಡೆ. ನನ್ನದನ್ನು ನೀನು ಏನೆಂದುಕೊಂಡೆಯೋ ತಿಳಿಯದು.

ಈ ತಿಂಗಳ ಒಂಬತ್ತರಂದು ಮತ್ತೆ ತೆರೆದೆವು. ಈ ಸಲ ಜನ ಬರಲಿಲ್ಲ. ಪಾದ್ರಿ, ಕೋಲಿಯೋಸ್, ಹೈದೋ ಚಿಕ್ಕಮ್ಮ, ನಾನು. ಮುಖ ಕರಗಿತ್ತು. ಕಾಲುಗಳು ಕರಗಿದ್ದವು. ಎದೆಯೂ ಬಲಗೈಯೂ ಇದ್ದಂತೆಯೇ ಇದ್ದವು.

ಕೋಲಿಯೋಸ್ ಸಮಾಧಾನ ಹೇಳಿದ: "ಅರ್ಧ ಆಗಿದೆಯಲ್ಲ ಟೀಚರಮ್ಮ. ತಗಡು ಅಷ್ಟು ದಿನ ಹಿಡಿದಿತ್ತು. ಇನ್ನೆರಡು ವರ್ಷ ಬೇಕು, ಬೇರೇನಿಲ್ಲ."

ಪಾದ್ರಿ ನನ್ನನ್ನೇ ನೋಡುತ್ತಿದ್ದರು. "ಆ ತಾಷ್ಕೆಂಟಿನವನಿಗೆ ನೀನು ಏನಂತ ಬರೆದಿದ್ದೆ?"

"ಕ್ಷಮಿಸು ಅಂತ."

"ಏನನ್ನ?"

ನಾನು ಬಗ್ಗಿ ಎಲುಬು ಒರೆಸಲು ತಂದಿದ್ದ ಬಟ್ಟೆ ಮಡಿಸತೊಡಗಿದೆ.

"ಏನು ಕ್ಷಮಿಸ್ತಿದೀನಿ ಅಂತ ಅವನಿಗೇ ಗೊತ್ತಿಲ್ದಿದ್ರೆ, ಅದು ಅಡುಗೆಮನೆ ಉಪ್ಪು ಅಷ್ಟೇ ತಾಯಿ."

ಈಗ ಬರೆಯುತ್ತೇನೆ. ಕೊನೆಯವರೆಗೂ ಓದು.

ಎರಡು ವರ್ಷದ ಹಿಂದೆ ಮೊದಲ ಸಲ ತೆರೆದಾಗ, ಅಣ್ಣನ ಕೋಟು ಬಿಚ್ಚಿ ಮೈ ಒರೆಸಿದವಳು ನಾನೇ. ಒಳಜೇಬಿನಲ್ಲಿ ಮೇಣದ ಬಟ್ಟೆ ಸುತ್ತಿದ ಒಂದು ಮಡಿಕೆ ಕೈಗೆ ಸಿಕ್ಕಿತು. ಆಸ್ಪತ್ರೆಯವರು ಅವನ ಜೇಬಿನಲ್ಲಿದ್ದದ್ದನ್ನು ಇದ್ದಂತೆಯೇ ಬಿಟ್ಟು ಉಡಿಸಿದ್ದರು. ಯಾರಿಗೂ ಕಾಣದಂತೆ ಶಾಲಿನ ಕೆಳಗೆ ಇಟ್ಟುಕೊಂಡೆ. ಮನೆಗೆ ಬಂದು ಬಿಡಿಸಿದೆ. ಮಡಿಸಿದ ಗೆರೆಗಳಲ್ಲಿ ಹರಿದಿದೆ, ಅಕ್ಷರ ಓದಬಹುದು. ಅಕ್ಷರ ಬಿಡದೆ ಇಲ್ಲಿ ನಕಲು ಮಾಡಿದ್ದೇನೆ:

"ನಾನು, ಥೋಮಾಸ್‌ನ ಮಗ ಆರ್ಗಿರಿಸ್ ನಾಕಾಸ್, ವಯಸ್ಸು 19, ಪೊಟಾಮಿಯಾ ನಿವಾಸಿ, ದಂಗೆಕೋರರಿಗೆ ಎರಡು ಬಾರಿ ರೊಟ್ಟಿ ಕೊಟ್ಟದ್ದಕ್ಕೆ ಪಶ್ಚಾತ್ತಾಪಪಡುತ್ತೇನೆ. ಅವರನ್ನೂ, ನನ್ನ ಅಣ್ಣ ಸ್ಟೆರ್ಗಿಯೋಸ್ ಹಿಡಿದ ದಾರಿಯನ್ನೂ ಇಂದಿನಿಂದ ನಿರಾಕರಿಸುತ್ತೇನೆ. 23 ಫೆಬ್ರವರಿ 1948." ಕೆಳಗೆ ಸಹಿ. ಅದರ ಕೆಳಗೆ ಪೆನ್ಸಿಲಿನಲ್ಲಿ, ಬೇರೆ ಯಾರೂ ಹೇಳಿ ಬರೆಸಿರದ ಒಂದು ಸಾಲು: "ಲಾಂಬ್ರೋ, ಬೇಗ ತಲುಪಿಸು."

ಆ ದಿನ ನಡೆದದ್ದು ಹೀಗೆ. ಅಣ್ಣ ಮಧ್ಯಾಹ್ನ ಪೊಟಾಮಿಯಾದ ಠಾಣೆಗೆ ಹೋಗಿದ್ದನಂತೆ. ಕಾಗದ ಪಟ್ಟಣದ ಸೇನಾಧಿಕಾರಿಗೆ ಬೆಳಗಾಗುವುದರೊಳಗೆ ತಲುಪಿದರೆ ಅವರು ಫೋನ್ ಮಾಡಿ ನಿಲ್ಲಿಸುತ್ತಿದ್ದರು. ಪಟ್ಟಣ ಆಗ ಹೇಸರಗತ್ತೆಯ ಮೇಲೆ ಆರು ಗಂಟೆಯ ದಾರಿ. ಮುಸ್ಸಂಜೆಗೆ ಅಣ್ಣ ಮನೆಗೆ ಬಂದ, ಹೊಸ ಹೇಸರಗತ್ತೆಗೆ ಜೀನು ಹಾಕಿದ. ಹಿಮ ಬೀಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು, "ಸೂಪು ಕಾದಿದೆ. ಈ ಹಿಮದಲ್ಲಿ ಎಲ್ಲಿಗೆ? ಬೆಳಿಗ್ಗೆ ಹೋಗು" ಎಂದೆ. ಅವನ ಜೇಬಿನಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಅವನು ಜೀನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ. ಆಮೇಲೆ ಜೀನು ಬಿಚ್ಚಿದ.

ಹಿಮ ಅರ್ಧ ಗೇಣು ಕೂಡ ಇರಲಿಲ್ಲ, ಸ್ಟೆರ್ಗಿಯೋ. ಅದೇ ವಾರ ಪಕ್ಷದವರು ಬಂದು ಮುಂದಿನ ಚುನಾವಣೆಗೆ ನೀನೇ ಅಭ್ಯರ್ಥಿ ಎಂದು ಅಣ್ಣನಿಗೆ ಹೇಳಿ ಹೋಗಿದ್ದರು. ಬಂಡುಕೋರನ ತಮ್ಮನಿಗಾಗಿ ಸೇನಾಧಿಕಾರಿಯ ಬಾಗಿಲು ಬಡಿಯಲು ಅವನು ಹೆದರಿದ. ಬಡಿಯದೇ ಇರಲು ಒಂದು ಕಾರಣ ಬೇಕಿತ್ತು. ಅದನ್ನು ಕೊಟ್ಟವಳು ನಾನು. ಬೆಳಕು ಹರಿಯುವಾಗ ಹೊರಟ. ನೆತ್ತಿ ತಲುಪುವಷ್ಟರಲ್ಲಿ ಕೆಳಗೆ ಪೊಟಾಮಿಯಾದಿಂದ ಗುಂಡಿನ ಸದ್ದು ಕೇಳಿತು. ನಮಗೆ ಮನೆಯಲ್ಲೇ ಕೇಳಿತು.

ಇಪ್ಪತ್ತಮೂರು ವರ್ಷ ಆ ಕಾಗದವನ್ನು ಕೋಟಿನಿಂದ ಕೋಟಿಗೆ ಬದಲಾಯಿಸಿಕೊಂಡು ಇದ್ದ. ಮಂತ್ರಿಯಾಗಿ ಪ್ರಮಾಣವಚನ ಓದುವಾಗಲೂ ಅದು ಜೇಬಿನಲ್ಲಿತ್ತೆಂದು ಈಗ ಲೆಕ್ಕ ಹಾಕುತ್ತೇನೆ.

ನಿನಗೆ ಮೊದಲೇ ಏಕೆ ಬರೆಯಲಿಲ್ಲ? ನೀನು ಪ್ರತಿ ವರ್ಷ ಎದ್ದು ನಿಂತು ಹೇಳುವ ಆ ವಾಕ್ಯ ಓದಿದ ಮೇಲೆ ಕೈ ಬರಲಿಲ್ಲ. ಅದು ಒಂದು ಕಾರಣ. ಇನ್ನೊಂದು ಕಾರಣ ನಾನು.

ನಾಲ್ವರು ಪೊಟಾಮಿಯಾದ ಹಳೆಯ ಒಕ್ಕಣೆ ಕಣದ ಹಿಂದೆ, ಕಲ್ಲುಗೋಡೆಯ ಬುಡದಲ್ಲಿದ್ದಾರೆ. ಅಂದು ಗುಂಡಿ ತೋಡಿದವನು ಕೋಲಿಯೋಸ್‌ನ ಅಪ್ಪ. ಕೋಲಿಯೋಸ್ ಜಾಗ ತೋರಿಸಿದ.

ಮೂಲ ಕಾಗದ ನನ್ನ ಬಳಿ ಇದೆ. ಕಳಿಸು ಎಂದರೆ ಕಳಿಸುತ್ತೇನೆ, ಸುಡು ಎಂದರೆ ಸುಡುತ್ತೇನೆ.

ಪೊಲಿಕ್ಸೆನಿ


ತಾಷ್ಕೆಂಟ್,
6 ಮಾರ್ಚ್ 1977

ಪೊಲಿಕ್ಸೆನಿ,

ಕಾಗದ ಸುಡಬೇಡ. ಕಳಿಸಲೂಬೇಡ, ದಾರಿಯಲ್ಲಿ ಯಾರಾದರೂ ಇಟ್ಟುಕೊಂಡಾರು. ನಿನ್ನ ಹತ್ತಿರವೇ ಇರಲಿ.

ಮೊದಲು ನನ್ನ ಸುಳ್ಳು. ಎರಡು ವರ್ಷದ ಹಿಂದೆ ನಾನು ಉಪ್ಪು ಕರಗಿಸಿರಲಿಲ್ಲ. ನಿನ್ನ ಪತ್ರಗಳು ನಿಲ್ಲಲಿ ಎಂದು ಹಾಗೆ ಬರೆದೆ. ಹೆಂಡತಿ ಬಟ್ಟಲು ತಂದಿಟ್ಟಿದ್ದು ನಿಜ. ಅದರಲ್ಲಿ ನಾನು ಚಹಾ ಕುಡಿದೆ.

ಇನ್ನೊಂದು ಇದೆ. ಅದು ಸುಳ್ಳಿಗಿಂತ ಹಳೆಯದು, ಹೆಂಡತಿಗೂ ಹೇಳಿಲ್ಲ. ಆರ್ಗಿರಿಸ್ ಠಾಣೆಯಲ್ಲಿದ್ದಾಗ ಬೆಟ್ಟದಿಂದ ಅವನಿಗೆ ನಾನೊಂದು ಚೀಟಿ ಕಳಿಸಿದ್ದೆ. ಸಿಗರೇಟಿನ ಕಾಗದದ ಮೇಲೆ ಬರೆದು ರೊಟ್ಟಿಯೊಳಗಿಟ್ಟು ಒಬ್ಬ ಹೆಂಗಸಿನ ಕೈಯಲ್ಲಿ. "ಸಹಿ ಹಾಕಬೇಡ. ಹಾಕಿದರೆ ನೀನು ನನ್ನ ತಮ್ಮನಲ್ಲ." ಚೀಟಿ ತಲುಪಿತು ಎಂದು ಅವಳು ಬಂದು ಹೇಳಿದಳು. ನಾಲ್ಕು ದಿನಕ್ಕೆ ಗುಂಡಿಕ್ಕಿದರು.

ಅಮ್ಮ ಸಾಯುವಾಗ ಕೇಳಿದಳು: "ಅವನು ಯಾಕೆ ಸಹಿ ಹಾಕ್ಲಿಲ್ಲ ಸ್ಟೆರ್ಗಿಯೋ? ಯಾರಾದ್ರೂ ಬೇಡ ಅಂದ್ರಾ?"

"ಇಲ್ಲಮ್ಮ. ಅವನೇ ಬೇಡ ಅಂದ" ಎಂದೆ.

ಹೊಳೆಯಾಚೆ ಬಂಡೆ ಮೇಲೆ ನಿಂತು ಲಾಂಬ್ರೋಸ್‌ನ ಹೆಸರು ಕೂಗಿದೆನಲ್ಲ. ನನ್ನ ಹೆಸರು ಕೂಗಲು ಆಗಲಿಲ್ಲ, ಅದಕ್ಕೆ ಅವನದನ್ನು ಕೂಗಿದೆ. ಇಪ್ಪತ್ತೇಳು ವರ್ಷ ಸಂಘದಲ್ಲಿ ಎದ್ದು ನಿಂತು ಆ ವಾಕ್ಯ ಹೇಳಿದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮುಂಚೆಯೇ ನಾನು ಕೋಟು ತೆಗೆದುಕೊಂಡು ಹೊರಟುಬಿಡುತ್ತಿದ್ದೆ.

ನಿನ್ನ ಪತ್ರ ಡಿಸೆಂಬರಿನಲ್ಲಿ ಬಂತು. ಪೆನ್ಸಿಲಿನ ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವನು ನನ್ನ ಮಾತು ಕೇಳಲಿಲ್ಲ, ಪೊಲಿಕ್ಸೆನಿ. ಬದುಕಬೇಕು ಎಂದುಕೊಂಡಿದ್ದ. ಬೇಗ ತಲುಪಿಸು ಎಂದಿದ್ದ.

ಮೊನ್ನೆ ಫೆಬ್ರವರಿ 24ಕ್ಕೆ ಸಂಘಕ್ಕೆ ಹೋದೆ. ಅಧ್ಯಕ್ಷ ಎಂದಿನಂತೆ ಕರೆದ: "ಏಳು ಸ್ಟೆರ್ಗಿಯೋ, ನಿನ್ನ ಮಾತು ಹೇಳು."

ಎದ್ದು, "ಅವನು ಸಹಿ ಹಾಕಿದ್ದ" ಎಂದೆ.

ಅಧ್ಯಕ್ಷ ನಕ್ಕ. "ಅರಳುಮರಳು ಶುರುವಾಯ್ತು ಮುದುಕನಿಗೆ. ಕೂತ್ಕೋ."

"ಅರಳುಮರಳಲ್ಲ. ಕಾಗದ ಇದೆ. ಹತ್ತೊಂಬತ್ತು ವರ್ಷದ ಹುಡುಗ, ಬದುಕಬೇಕು ಅನ್ನಿಸ್ತು, ಸಹಿ ಹಾಕ್ದ. ಬೇಡ ಅಂದಿದ್ದು ನಾನು."

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಮತ್ತೆ ಇಷ್ಟು ವರ್ಷ ನಾವು ಯಾರಿಗೆ ಎದ್ದು ನಿಲ್ತಿದ್ವಿ? ಇಳಿಸ್ಕೊಂಡು ಹೋಗು ನಿನ್ನ ಸಹಿದಾರನ್ನ!"

ಇಳಿಸಿಕೊಂಡೆ. ಫೋಟೋವನ್ನು ಓವರ್‌ಕೋಟಿನೊಳಗೆ ಇಟ್ಟುಕೊಂಡು ಟ್ರಾಮ್ ಹತ್ತಿದೆ. ಮನೆಗೆ ಬಂದು ಮೇಜಿನ ಮೇಲಿಟ್ಟು ನೋಡಿದೆ. ಗೋಡೆಯ ಮೇಲಿದ್ದಾಗ ಅವನು ನಮ್ಮೆಲ್ಲರಿಗಿಂತ ದೊಡ್ಡವನಂತೆ ಕಾಣುತ್ತಿದ್ದ. ಚಿಕ್ಕ ಹುಡುಗ. ಕಿವಿ ದೊಡ್ಡವು. ಶರ್ಟು ನನ್ನದು, ತೋಳು ಮಡಿಸಿಕೊಂಡಿದ್ದಾನೆ.

ಆಮೇಲೆ ಬಟ್ಟಲು ತಂದೆ. ಉಪ್ಪು ಹಾಕಿದೆ. ಲಾಂಬ್ರೋಸ್‌ನ ಹೆಸರು ಹೇಳಲು ನೋಡಿದೆ, ಬಾಯಿ ಬರಲಿಲ್ಲ. ನಿನ್ನ ಹೆಸರು ಹೇಳಲು ನೋಡಿದೆ, ಅದೂ ಬರಲಿಲ್ಲ. ಸುಳ್ಳು ಹೇಳಲಾರೆ, ಒಮ್ಮೆ ಹೇಳಿ ಸಾಕಾಗಿದೆ. ಕೊನೆಗೆ ನನ್ನ ಹೆಸರು ಹೇಳಿ ನೀರು ಚೆಲ್ಲಿದೆ. ಇದರಿಂದ ನಿನಗೆ ಉಪಯೋಗವಿಲ್ಲ ಎಂದು ಗೊತ್ತು.

ಊರಿಗೆ ಬರಲು ಮೂರು ಸಲ ಅರ್ಜಿ ಹಾಕಿದ್ದೇನೆ. ನಿಮ್ಮ ಸರ್ಕಾರ ಮೂರು ಸಲವೂ ತಿರಸ್ಕರಿಸಿದೆ. ಆರ್ಗಿರಿಸ್‌ನನ್ನು ಆ ಗೋಡೆಯ ಬುಡದಿಂದ ತೆಗೆಸು. ತೊಳೆಯುವವಳು ಅಮ್ಮ ಆಗಬೇಕಿತ್ತು. ನಿನ್ನನ್ನು ಬಿಟ್ಟು ನನಗೆ ಅಲ್ಲಿ ಯಾರಿದ್ದಾರೆ?

ಸ್ಟೆರ್ಗಿಯೋಸ್


ಕ್ರಿಯೊನೇರಿ,
3 ಅಕ್ಟೋಬರ್ 1977

ಸ್ಟೆರ್ಗಿಯೋ,

ಮೊನ್ನೆ ಶನಿವಾರ ತೆಗೆದೆವು. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಒಪ್ಪಿಗೆ ಸಿಗಲು ಆರು ತಿಂಗಳು ಹಿಡಿಯಿತು. ಉಳಿದ ಮೂವರ ಮನೆಗಳನ್ನು ಹುಡುಕಿ ಬರೆದೆ, ಮೂರು ಮನೆಯವರೂ ಬಂದಿದ್ದರು. ಮತ್ತೆ ಚುನಾವಣೆ ಹತ್ತಿರ ಬಂದಿದೆಯಲ್ಲ, ಹಿಂದಿನ ವಾರ ಪಿರೋಸ್ ಕಾರು ಮಾಡಿಕೊಂಡು ಓಡಿಬಂದ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಆ ನಾಲ್ವರನ್ನ ಈಗ ತೆಗೆದ್ರೆ ನಮ್ಮ ಕಡೆಯೋರು ನನ್ನ ಬಿಡ್ತಾರಾ? ಇಪ್ಪತ್ತೊಂಬತ್ತು ವರ್ಷ ಇದ್ದಾರೆ, ಇನ್ನೆರಡು ತಿಂಗಳು ಇದ್ರೆ ಏನಾಗತ್ತೆ?"

"ನಿನ್ನ ಧರ್ಮಪಿತನೂ ಚುನಾವಣೆ ಅಂತಲೇ ಜೀನು ಬಿಚ್ಚಿದ್ದು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಕೂರಿಸಿಕೊಂಡು ಹೇಳಿದೆ, ಕಾಗದ ತೋರಿಸಿದೆ. ಓದಿ, ತಿರುಗಿಸಿ ನೋಡಿ, "ಇದನ್ನ ಯಾರಿಗೂ ತೋರಿಸ್ಬೇಡಿ" ಎಂದ. ಭಾನುವಾರ ಚರ್ಚಿನಲ್ಲಿ ಪಾದ್ರಿಯವರಿಂದ ಓದಿಸಿದೆ. ಆರ್ಗಿರಿಸ್‌ನ ಸಾಲುಗಳನ್ನು, ಆಮೇಲೆ ನಾನು ಬರೆದುಕೊಟ್ಟದ್ದನ್ನು: ಯಾರು ಎಲ್ಲಿಗೆ ಹೊರಟಿದ್ದ, ಯಾರು ಏನೆಂದು ತಡೆದಳು. ಜನ ಹೊರಗೆ ಹೋಗುವಾಗ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಹೈದೋ ಚಿಕ್ಕಮ್ಮ ಮಾತ್ರ ಮನೆಯವರೆಗೂ ಬಂದು ಒಲೆ ಹಚ್ಚಿಕೊಟ್ಟು ಹೋದಳು.

ಕೋಲಿಯೋಸ್ ತೋರಿಸಿದ ಜಾಗ ಸರಿಯಿತ್ತು. ಎರಡು ಅಡಿಗೇ ಸಿಕ್ಕರು. ಎಲುಬು ಬಿಳಿಯಾಗಿವೆ, ಹಗುರವಾಗಿವೆ. ನಾಲ್ವರೂ ಒಬ್ಬರ ಮೇಲೊಬ್ಬರು ಬೆರೆತುಹೋಗಿದ್ದಾರೆ. ಒಂದು ತಲೆಬುರುಡೆಯಲ್ಲಿ ಕೊನೆಯ ದವಡೆ ಹಲ್ಲು ಇನ್ನೂ ಹುಟ್ಟಿರಲಿಲ್ಲ. ಬಂದವರೆಲ್ಲ ಅದು ಆರ್ಗಿರಿಸ್ ಎಂದರು. ಉಳಿದವರಲ್ಲೂ ಒಬ್ಬ ಇಪ್ಪತ್ತೊಂದರವನು, ಆದ್ದರಿಂದ ಖಚಿತ ಎಂದು ನಾನು ಬರೆಯಲಾರೆ. ಯಾವ ಕೈ ಯಾರದೆಂದು ತಿಳಿಯದೆ ನಾಲ್ವರನ್ನೂ ನಾನೇ ತೊಳೆದೆ. ದ್ರಾಕ್ಷಾರಸ ನಮ್ಮ ಬಳ್ಳಿಯದು, ಈ ವರ್ಷದ್ದು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ಒಂದೇ ಪೆಟ್ಟಿಗೆಯಲ್ಲಿಟ್ಟು ನಾಲ್ಕು ಹೆಸರು ಬರೆಸಿ, ಪೊಟಾಮಿಯಾದ ಎಲುಬುಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಇಟ್ಟಿದ್ದೇವೆ. ಆ ಕಾಗದವನ್ನೂ ಪೆಟ್ಟಿಗೆಯೊಳಗೇ ಇಟ್ಟೆ. ಅದು ತಲುಪಬೇಕಾದ ಕಡೆ ತಲುಪಲಿಲ್ಲ. ಬರೆದವನ ಕೈಗಾದರೂ ವಾಪಸು ಹೋಗಲಿ.

ನೀನು ಹೆಸರು ಹೇಳಲಾರದೆ ನೀರು ಚೆಲ್ಲಿದ್ದನ್ನು ಓದಿ ನನಗೆ ಬೇಸರವಾಗಲಿಲ್ಲ. ಈ ಸಲ ನೀನು ನಿಜ ಬರೆದಿದ್ದೀಯ, ನನಗೆ ಅದು ಸಾಕು. ಇನ್ನು ಕೇಳುವುದಿಲ್ಲ.

ನಿನ್ನೆ ಪಾದ್ರಿ, "ಲಾಂಬ್ರೋಸ್‌ನ ಯಾವಾಗ ತೆಗೆಯೋಣ? ಮುಂದಿನ ಶರತ್ಕಾಲಕ್ಕೆ ಎರಡು ವರ್ಷ ಆಗತ್ತೆ" ಎಂದರು.

ತೆಗೆಯುವುದು ಬೇಡ ಎಂದೆ. ಪಟ್ಟಣಕ್ಕೆ ಹೋಗಿ ನೋಟರಿಯ ಮುಂದೆ ಬರೆಸಿ ಬಂದಿದ್ದೇನೆ. ನಾನು ಸತ್ತಾಗ ನನ್ನನ್ನು ಬೇರೆ ಗುಂಡಿಯಲ್ಲಿ ಇಡಬಾರದು, ಅದೇ ಗುಂಡಿಯಲ್ಲಿ ಅವನ ಮೇಲೆ ಇಡಬೇಕು. ಮೂರು ವರ್ಷ ಬಿಟ್ಟು ಇಬ್ಬರನ್ನೂ ಒಟ್ಟಿಗೆ ತೆರೆಯಲಿ. ಯಾರು ಕರಗಿದ್ದಾರೆ, ಯಾರು ಇಲ್ಲ ಎಂದು ಆಗ ನೋಡಲಿ.

ಪೊಲಿಕ್ಸೆನಿ